ಅಮ್ಮನ ಓಕ್ ಸತ್ತಿಲ್ಲ

ಅಜ್ಜಾ,

ನಾನು ಬೆಳಗಿನ ಬಸ್ಸಿಗೆ ಹೋಗುತ್ತಿದ್ದೇನೆ.

ಸಂಜೆ ಕ್ರಿಸ್‌ಮಸ್ ಹಬ್ಬದ ಬೆಂಕಿಗೆಂದು ಒಲೆಗೆ ಹಾಕುವ ಬದ್ನ್ಯಾಕ್ ಕೊಂಬೆಯನ್ನು ಸಂತೆಯಿಂದ ತಂದು ಬಾಗಿಲ ಹಿಂದೆ ಇಟ್ಟಿದ್ದೇನೆ. ಓಕ್ ಮರದ್ದೇ, ಒಣಗಿದ ಎಲೆಗಳೂ ಇವೆ.

ಬೇಯಿಸಿದ ಕಾಳು ಒಲೆಯ ಮೇಲಿದೆ. ಇವತ್ತು ಉಪವಾಸ, ಬೆಣ್ಣೆ ಹಾಕಿಕೊಳ್ಳಬೇಡ.

ಕೊಡಲಿ ಹಿಡಿದು ಅಂಗಳಕ್ಕೆ ಇಳಿಯಬೇಡ. ಅಮ್ಮ ನೆಟ್ಟುಹೋದ, ಗೋಡೆಯ ಪಕ್ಕ ಕಂಬದಂತೆ ಸೆಟೆದು ನಿಂತಿರುವ ಓಕ್ ಸತ್ತಿಲ್ಲ. ಚಳಿಗಾಲದಲ್ಲಿ ಒಣ ಎಲೆಗಳನ್ನು ಉದುರಿಸದೆ ಹಿಡಿದುಕೊಂಡಿರುವುದು ಅದರ ಸ್ವಭಾವ. “ಹೆಂಗೂ ಸತ್ತೋಗೈತೆ, ಹಬ್ಬದ ಬೆಂಕಿಗಾದ್ರೂ ಆಗ್ಲಿ ಬಿಡೇ” ಎಂದು ನೀನು ನಿನ್ನೆ ಅಂದೆಯಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ನಂಬಿಕೆ ಬಾರದಿದ್ದರೆ ಒಂದು ರೆಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದು ನೋಡು, ಒಳಗೆ ಹಸಿರಿದೆ. ಒಂದೇ ಕಡೆ ಸಾಕು. ನಾನು ಕೆರೆದು ನೋಡಿದ ಗುರುತುಗಳೇ ಅಲ್ಲಿ ಬೇಕಾದಷ್ಟಿವೆ.

ದಾರಿಂಕಾ