ಜಗಳದ ತರಗತಿ

ಕಡೂರು
೧೬ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಪ್ರತಿಮಾ,

ಹೇಗಿದ್ದೀಯ? ಅಮ್ಮನ ಮಂಡಿನೋವು ಈಗ ಹೇಗಿದೆ? ನೀನು ಎರಡು ಸಲ ಫೋನ್ ಮಾಡಿದೆ, ದಸರಾಕ್ಕೆ ಮೆಸೇಜು ಕಳಿಸಿದೆ. ಒಂದಕ್ಕೂ ನಾನು ಉತ್ತರಿಸಲಿಲ್ಲ. ಕೆಲಸ ಜಾಸ್ತಿ ಎಂದು ಬರೆದರೆ ನೀನು ನಂಬಿಬಿಡುತ್ತೀಯ, ಅದಕ್ಕೇ ಬರೆಯುವುದಿಲ್ಲ. ಎರಡು ತಿಂಗಳಿಂದ ನಿನ್ನ ಹೆಸರು ಕಂಡಾಗಲೆಲ್ಲ ಫೋನನ್ನು ಬೋರಲು ಹಾಕಿ ಅಡುಗೆಮನೆಗೆ ಹೋಗಿದ್ದೇನೆ. ಈಗಲೂ ಫೋನಿನಲ್ಲಿ ಹೇಳಲು ಹೊರಟರೆ ಅರ್ಧದಲ್ಲೇ “ಬಿಡೇ, ಆಗಿದ್ದು ಆಯ್ತು” ಅನ್ನುತ್ತೀಯ. ಕಾಗದವನ್ನಾದರೆ ಪೂರ್ತಿ ಓದಲೇಬೇಕಲ್ಲ.

ಮನೆಯಲ್ಲಿ ಎಲ್ಲರೂ ಕ್ಷೇಮ. ಇವರಿಗೆ ತೆಂಗಿನಕಾಯಿ ಮಂಡಿ ಬಿಟ್ಟು ಬೇರೆ ಲೋಕವಿಲ್ಲ. ಸುಮನಾ ಬೆಳಿಗ್ಗೆ ನನ್ನ ಜೊತೆಗೇ ಕಾಲೇಜಿಗೆ ಬರುತ್ತಾಳೆ, ಗೇಟಿನ ಹತ್ತಿರ ಇಳಿದ ಕೂಡಲೇ ನನ್ನ ಮಗಳಲ್ಲದವಳ ಹಾಗೆ ಬೇರೆ ದಾರಿ ಹಿಡಿಯುತ್ತಾಳೆ. ಹದಿನೆಂಟರ ವಯಸ್ಸು, ಇರಲಿ.

ಈಗ ವಿಷಯಕ್ಕೆ ಬರುತ್ತೇನೆ.

ಜುಲೈ ತಿಂಗಳ ಆ ಮೀಟಿಂಗು ನಿನಗೂ ನೆನಪಿರಬೇಕು. ಪ್ರಥಮ ವರ್ಷದವರಿಗೆಲ್ಲ ‘ಬರಹ ಮತ್ತು ಮಾತುಗಾರಿಕೆ’ ಕಡ್ಡಾಯ, ಒಬ್ಬೊಬ್ಬ ಅಧ್ಯಾಪಕರೂ ಒಂದೊಂದು ವಿಷಯ ಇಟ್ಟುಕೊಂಡು ಅದರ ಸುತ್ತ ಪಾಠ ಮಾಡಬೇಕು, ಮಕ್ಕಳು ತಮಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತಾರೆ ಎಂದು ಪ್ರಿನ್ಸಿಪಾಲ್ ರುದ್ರಮೂರ್ತಿಯವರು ಹೇಳಿದರು. ನಾನು ‘ಪ್ರವಾಸ’ ಎಂದು ಬರೆಸಿದೆ. ಓಂಕಾರೇಶ್ ‘ಕ್ರೀಡೆ’ ಎಂದರು. ನೀನು ಪೆನ್ನು ಕಚ್ಚುತ್ತಾ ಕೂತಿದ್ದು, ಕೊನೆಗೆ “ಜಗಳ” ಅಂದೆ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ಪಟ್ಟಿ ಬಂದಾಗ ನಿನಗೆ ಅರವತ್ತೆರಡು ಮಕ್ಕಳು. ನನಗೆ ಹನ್ನೊಂದು.

ನಾನು ವಿಭಾಗದ ಮುಖ್ಯಸ್ಥೆ, ಹದಿನೆಂಟು ವರ್ಷದ ಸರ್ವಿಸಿನವಳು. ನೀನು ಅತಿಥಿ ಉಪನ್ಯಾಸಕಿ, ಅದೂ ನಾನೇ ಹೇಳಿ ಕರೆಸಿದವಳು. ಎಂ.ಎ.ಯಲ್ಲಿ ನನಗೆ ನಿನಗಿಂತ ಹೆಚ್ಚು ಅಂಕ ಬಂದಿತ್ತು. ಇದನ್ನೆಲ್ಲ ಆ ದಿನಗಳಲ್ಲಿ ನಾನು ಮನಸ್ಸಿನಲ್ಲೇ ಎಷ್ಟು ಸಲ ಹೇಳಿಕೊಂಡೆನೋ. ನಿನಗೆ ಉಪಕಾರ ಮಾಡಿದವಳು ನಾನು ಎಂಬ ಒಂದು ಸುಖವಿತ್ತು ನೋಡು, ಅದು ಆ ಪಟ್ಟಿಯ ಮುಂದೆ ಕರಗಿಹೋಯಿತು.

ನನ್ನ ಹನ್ನೊಂದು ಜನಕ್ಕೂ ಹೆಬ್ಬೆ ಜಲಪಾತದ ಬಗ್ಗೆ ಬರೆಯಲು ಹೇಳಿದ್ದೆ. ಅದರಲ್ಲಿ ಒಂಬತ್ತು ಜನ “ಹೆಬ್ಬೆಯು ನಿಸರ್ಗದ ಮಡಿಲಲ್ಲಿರುವ ರಮಣೀಯ ತಾಣವಾಗಿದೆ” ಎಂದೇ ಶುರುಮಾಡಿದ್ದರು. ಫೋನು ಬರೆದುಕೊಟ್ಟದ್ದು. ಅದನ್ನು ತಿದ್ದುತ್ತಾ ಕೂತಾಗ ಗೋಡೆಯಾಚೆಯಿಂದ ನಿನ್ನ ತರಗತಿ ಕೇಳುತ್ತಿತ್ತು. ಬಸ್ಸಿನಲ್ಲಿ ಸೀಟಿಗಾಗಿ ನಡೆದ ಜಗಳ, ನಲ್ಲಿ ಹತ್ತಿರದ ಜಗಳ, ಅತ್ತೆ-ಸೊಸೆ ಜಗಳ. ಮೊದಲು ತಮ್ಮ ಕಡೆಯ ಮಾತು ಬರೆಯಬೇಕು, ಆಮೇಲೆ ಎದುರಾಳಿಯ ಕಡೆಯಿಂದ ಅಷ್ಟೇ ನಿಯತ್ತಾಗಿ ಬರೆದು ಎದ್ದುನಿಂತು ಓದಬೇಕು. ಅಟೆಂಡರ್ ಬೆನಕಪ್ಪ ಗಂಟೆ ಹೊಡೆಯುವುದನ್ನೂ ಮರೆತು ನಿನ್ನ ಬಾಗಿಲಲ್ಲಿ ನಿಂತಿರುತ್ತಿದ್ದ. ಮಕ್ಕಳು ನಿನ್ನನ್ನು ‘ಜಗಳ ಮೇಡಂ’ ಎಂದು ಕರೆಯುವುದು ಕೇಳಿದರೆ ನನಗೆ ಎದೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಗುತ್ತಿತ್ತು. ನನಗೆ ಇಷ್ಟು ವರ್ಷದಲ್ಲಿ ಒಂದು ಅಡ್ಡಹೆಸರನ್ನೂ ಯಾರೂ ಇಟ್ಟಿಲ್ಲ.

ಆಮೇಲೆ ಆ ಹುಡುಗ ಕಾಂತರಾಜನ ಬರಹ ಬಂತು. ಅವನ ಅಪ್ಪನಿಗೂ ಪಕ್ಕದ ಹೊಲದವರಿಗೂ ಬಂಡಿದಾರಿಗಾಗಿ ನಡೆಯುತ್ತಿದ್ದ ಜಗಳ. ನೀನು ಅದನ್ನು ಸ್ಟಾಫ್ ರೂಮಿಗೆ ತಂದು, “ಓದೇ ತನುಜಾ. ಇದ್ರಲ್ಲಿ ನಿಜವಾದ ಹೆಸ್ರುಗಳಿವೆ. ತೆಗೆಸ್ಲಾ?” ಅಂದೆ. ನಾನು ಓದಿದೆ. ಎದುರಾಳಿಯ ಮಾತನ್ನು ಆ ಹುಡುಗ ಎಷ್ಟು ಚೆನ್ನಾಗಿ ಬರೆದಿದ್ದನೆಂದರೆ, ಅವನ ಅಪ್ಪನದೇ ತಪ್ಪಿರಬಹುದು ಅನ್ನಿಸಿತು. ಅಂಥ ಒಂದು ಪುಟ ನನ್ನ ಯಾವ ವಿದ್ಯಾರ್ಥಿಯೂ ಬರೆದಿರಲಿಲ್ಲ. “ಇರ್ಲಿ ಬಿಡೇ, ಹೆಸ್ರಿದ್ರೇನೇ ಜೀವ” ಅಂದೆ. ಆ ಮಾತಿನಲ್ಲಿ ಮೋಸವಿರಲಿಲ್ಲ, ಇದನ್ನೊಂದು ನಂಬು.

ಆ ಪಕ್ಕದ ಹೊಲದವರು ನಮ್ಮ ಟ್ರಸ್ಟಿನ ಮಲ್ಲಿಕಾರ್ಜುನಪ್ಪನವರ ಭಾವಮೈದ ಎಂದು ನನಗಾಗಲಿ ನಿನಗಾಗಲಿ ಗೊತ್ತಿರಲಿಲ್ಲ. ಹುಡುಗ ತರಗತಿಯಲ್ಲಿ ಅದನ್ನು ಓದಿದ ಮೂರನೆಯ ದಿನ ಮಲ್ಲಿಕಾರ್ಜುನಪ್ಪನವರೇ ಬಂದು ಪ್ರಿನ್ಸಿಪಾಲರ ಮುಂದೆ ಕೂತು, “ನಮ್ ನೆಂಟ್ರು ಮನೆ ಜಗ್ಳಾನ ಕಾಲೇಜಲ್ಲಿ ನಾಟ್ಕ ಆಡಿಸ್ತಾರಂತೆ, ಯಾರ್ರೀ ಪರ್ಮಿಷನ್ ಕೊಟ್ಟೋರು?” ಎಂದು ಕೂಗಾಡಿದರು. ನಿನ್ನನ್ನು ವಿಚಾರಿಸಿದ್ದು ಮಧ್ಯಾಹ್ನ. ಬೆಳಿಗ್ಗೆಯೇ ನನ್ನನ್ನು ಕರೆದಿದ್ದರು ಎಂಬುದು ನಿನಗೆ ತಿಳಿಯದು.

ಪ್ರಿನ್ಸಿಪಾಲರು ಮೆತ್ತಗೆ ಕೇಳಿದರು. “ನಿಮಗಿದು ಮೊದ್ಲೇ ಗೊತ್ತಿತ್ತಾ ಮೇಡಂ?”

ಅದೇ ಹೊತ್ತಿಗೆ ಮೇಲಿನ ಮಹಡಿಯಿಂದ ನಿನ್ನ ಮಕ್ಕಳ ನಗು ಕೇಳಿಸಿತು. ಅರವತ್ತು ಜನ ಒಟ್ಟಿಗೆ ನಕ್ಕ ನಗು.

“ಇಲ್ಲ ಸರ್. ಪ್ರತಿಮಾ ನನ್ನ ಗಮನಕ್ಕೆ ತಂದಿರಲಿಲ್ಲ” ಅಂದೆ.

ಇಷ್ಟೇ ಪ್ರತಿಮಾ. ಭಯವಾಗಿ ಹೇಳಿದೆ ಎಂದರೆ ಕೇಳಲು ಚೆನ್ನಾಗಿರುತ್ತದೆ. ನನಗೆ ಭಯವೇನೂ ಆಗಿರಲಿಲ್ಲ. ಆ ನಗು ನಿಲ್ಲಲಿ ಎನ್ನಿಸಿತು, ಅಷ್ಟೇ. ಮರುವಾರದಿಂದ ನೀನು ಬರುವುದು ಬೇಡ ಎಂದರು. ನೀನು ನಿನ್ನ ಪುಸ್ತಕಗಳನ್ನು ಕಟ್ಟಿಕೊಂಡು ಹೊರಟಾಗ ನಾನು ಬಸ್‌ಸ್ಟ್ಯಾಂಡಿನವರೆಗೆ ಬಂದು ಕಣ್ಣೀರು ಹಾಕಿದೆ. ಆ ಕಣ್ಣೀರು ಸುಳ್ಳಲ್ಲ, ಅದೇ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ನಿನ್ನ ಮಕ್ಕಳನ್ನು ನಮಗೆಲ್ಲ ಹಂಚಿದರು. ನನ್ನ ಪಾಲಿಗೆ ನಲವತ್ತು ಜನ ಬಂದರು. ನಾನು ಆಸೆಪಟ್ಟದ್ದು ಇದನ್ನೇ ಅಲ್ಲವೇ? ಸಾಲಾಗಿ ಕೂರುತ್ತಾರೆ, ಹೇಳಿದ್ದನ್ನು ಬರೆಯುತ್ತಾರೆ, ಹೆಬ್ಬೆ ರಮಣೀಯ ತಾಣವಾಗಿದೆ. ಕಾಂತರಾಜ ಮೂರು ವಾರ ಕಾಲೇಜಿಗೇ ಬರಲಿಲ್ಲ. ಬೆನಕಪ್ಪ ಒಂದು ದಿನ, “ಕಾಲೇಜೇ ಸಪ್ಪಗಾಗೋಯ್ತು ಕಣ್ರಮ್ಮ” ಅಂದ. ಅದಕ್ಕೂ ನನಗೆ ಹೊಟ್ಟೆಕಿಚ್ಚು. ನೀನಿದ್ದಾಗಲೂ ಕಿಚ್ಚು, ಹೋದಮೇಲೂ ಕಿಚ್ಚು.

ಕಳೆದ ಭಾನುವಾರ ದೊಡ್ಡಮ್ಮನ ಮೊಮ್ಮಗುವಿನ ನಾಮಕರಣಕ್ಕೆ ಅಜ್ಜಂಪುರಕ್ಕೆ ಬಂದಿದ್ದೆ. ಊಟವಾದಮೇಲೆ ಬುಕ್ಕಾಂಬುಧಿಗೆ ಬಂದು ನಿನ್ನನ್ನು ನೋಡಲೇಬೇಕೆಂದು ಬಸ್‌ಸ್ಟ್ಯಾಂಡಿನಲ್ಲಿ ನಿಂತೆ. ನಿಮ್ಮೂರಿನ ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ. ಆಗ ಹಿಂದಿನಿಂದ ಯಾರೋ “ತನುಜಮ್ಮ ಅಲ್ವೇನವ್ವಾ?” ಅಂದರು. ನಿಮ್ಮಪ್ಪ ಸಣ್ಣಬೀರಪ್ಪನವರು, ಕೈಯಲ್ಲಿ ಔಷಧಿಯ ಚೀಲ.

“ಇಲ್ಲಿ ತಂಕ ಬಂದು ಮನೆಗ್ ಬರ್ದೆ ಹೋಯ್ತೀಯಾ? ನಡಿ, ಮುದ್ದೆ ಉಂಡ್ಕೊಂಡು ಹೋಗೀವಂತೆ.”

ಕೆಲಸವಿದೆ ಎಂದೆ. ಅವರು ನನ್ನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತರು.

“ಪ್ರತಿಮಾ ಸುಮ್ನೆ ಕೂರೋ ಪೈಕಿ ಅಲ್ಲ ಬಿಡು, ಊರ್ ಮಕ್ಳಿಗೆ ಪಾಠ ಹೇಳ್ಕೊಡ್ತವ್ಳೆ. ನಾನೇ ಬೈದೆ. ‘ಅಲ್ಲ ಕಣವ್ವ, ತನುಜಮ್ಮನ್ನ ಕೇಳೇ ಓದ್ಸಿದ್ದು ಅಂತ ಅವ್ರಿಗೆ ಹೇಳ್ಬೇಕಿತ್ತು’ ಅಂತ. ಅದಕ್ಕವ್ಳು ಏನಂದ್ಲು ಗೊತ್ತಾ? ‘ಅವಳ ಹೆಸ್ರು ಎತ್ತಿದ್ರೆ ಅವಳ ಕೆಲ್ಸಕ್ಕೂ ಕುತ್ತು ಬತ್ತಿತ್ತು ಕಣಪ್ಪ, ಒಬ್ರಿಗಾಗಿದ್ದೇ ಸಾಕು’ ಅಂದ್ಲು. ಹಂಗಿದ್ದೀರಿ ನೀವಿಬ್ರು. ಹಿಂಗೇ ಇರ್ರವ್ವ.”

ನನ್ನ ತಲೆ ಮುಟ್ಟಿ ಹರಸಿ, ಮುಂದಿನ ಬಸ್ಸು ಹತ್ತಿದರು. ನಾನು ಕಡೂರಿನ ಬಸ್ಸು ಹಿಡಿದೆ.

ಗುರುವಾರ ನಡೆದದ್ದನ್ನೆಲ್ಲ ಕೈಯಾರೆ ಬರೆದು ಪ್ರಿನ್ಸಿಪಾಲರಿಗೆ ಕೊಟ್ಟೆ. ಓದಿ, ಕನ್ನಡಕ ತೆಗೆದು, “ಮುಗ್ದುಹೋದ ವಿಷ್ಯ ಮೇಡಂ, ಈಗ್ಯಾಕೆ?” ಅಂದರು. “ನನಗೆ ಮುಗಿದಿಲ್ಲ ಸರ್” ಎಂದೆ. ನಿನ್ನೆ ಮಲ್ಲಿಕಾರ್ಜುನಪ್ಪನವರನ್ನು ಕರೆಸಿದರು. ಅವರು ಅದುವರೆಗೆ ಆ ಹುಡುಗನ ಬರಹವನ್ನು ಓದಿಯೇ ಇರಲಿಲ್ಲ, ಯಾರೋ ಹೇಳಿದ್ದನ್ನು ಕೇಳಿ ಬಂದವರು. ನನ್ನೆದುರೇ ಓದಿದರು. ಎರಡನೆಯ ಪುಟಕ್ಕೆ ಬಂದಾಗ ಮುಖ ಸಡಿಲವಾಯಿತು. “ನಮ್ ಭಾವಮೈದ ಹಿಂಗೇ ಮಾತಾಡೋದು ಕಣ್ರೀ. ಹುಡ್ಗ ನಮ್ ಕಡೆ ಮಾತ್ನೂ ಬಿಡ್ದಂಗೆ ಬರ್ದವ್ನೆ” ಅಂದರು. ಆಮೇಲೆ ನನ್ನ ಕಡೆ ತಿರುಗಿ, “ನೀವು ಮಾಡಿದ್ದು ಸರಿಯಿಲ್ಲ” ಎಂದರು.

ವಿಭಾಗ ಇನ್ನು ಮುಂದೆ ಓಂಕಾರೇಶರದು. ನಾನು ಬರೀ ಅಧ್ಯಾಪಕಿ. ಡಿಸೆಂಬರ್ ಒಂದರಿಂದ ಬರಬೇಕೆಂದು ನಿನಗೆ ಕಾಲೇಜಿನಿಂದ ಪತ್ರ ಬರುತ್ತದೆ, ಇಷ್ಟರಲ್ಲೇ ಬಂದಿರಲೂಬಹುದು. ಬರುವುದು ಬಿಡುವುದು ನಿನ್ನ ಇಷ್ಟ. ಬಂದರೆ ನನ್ನನ್ನು ಮಾತಾಡಿಸಲೇಬೇಕೆಂದಿಲ್ಲ. ನಿನ್ನ ತರಗತಿಯ ನಗು ಮತ್ತೆ ಗೋಡೆಯಾಚೆಯಿಂದ ಕೇಳಿಸಿದರೆ ಹೊಟ್ಟೆಕಿಚ್ಚು ಬರುವುದಿಲ್ಲ ಎಂದು ಮಾತು ಕೊಡಲಾರೆ. ಕಿಚ್ಚು ಬಂದರೆ ಬಾಯಿ ಮುಚ್ಚಿಕೊಂಡು ನನ್ನ ಪಾಠ ನಾನು ಮಾಡುತ್ತೇನೆ.

ಅಪ್ಪನಿಗೆ ನಿಜ ಹೇಳು. ಅವರು ಕೊಟ್ಟ ಆಶೀರ್ವಾದವನ್ನು ನಾನು ಸುಳ್ಳು ಹೇಳಿ ಪಡೆದ ಹಾಗಾಗಿದೆ. ಅಮ್ಮನಿಗೆ ನನ್ನ ಶರಣು. ನಿನ್ನ ಮಾತು ಕೇಳಲು ಮಕ್ಕಳು ಎಂದೆಂದೂ ತುಂಬಿ ಕೂರಲಿ, ಇದನ್ನು ಹಲ್ಲು ಕಚ್ಚಿಯಾದರೂ ಮನಸ್ಸಿಟ್ಟು ಬರೆಯುತ್ತಿದ್ದೇನೆ.

ಇಂತಿ,
ತನುಜಾ

ಮತ್ತೆ: ಕವರು ಅಂಟಿಸಿದ್ದವಳು ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಜುಲೈನ ಆ ಪಟ್ಟಿಯಲ್ಲಿ ನಿನ್ನ ಅರವತ್ತೆರಡು ಹೆಸರುಗಳಲ್ಲಿ ಮೂರನೆಯದು ನನ್ನ ಸುಮನಾಳದು. ಮನೆಯಲ್ಲಿ ನನಗೊಂದು ಮಾತೂ ಹೇಳದೆ ನಿನ್ನನ್ನು ಆರಿಸಿಕೊಂಡಿದ್ದಳು. ನೀನೂ ನಾನೂ ಆ ವಿಷಯ ಎತ್ತಲೇ ಇಲ್ಲ. ನನಗೆ ಹೂಂ, ಊಹೂಂ ಬಿಟ್ಟು ಬೇರೆ ಉತ್ತರ ಕೊಡದವಳು ನಿನ್ನ ತರಗತಿಯಲ್ಲಿ ಎದ್ದುನಿಂತು ಮಾತಾಡುವುದನ್ನು ಒಂದು ದಿನ ಕಾರಿಡಾರಿನಲ್ಲಿ ನಿಂತು ಕೇಳಿದೆ. ಅದು ನನ್ನ ಮಗಳ ದನಿ ಎಂದು ತಿಳಿಯಲು ಸ್ವಲ್ಪ ಹೊತ್ತೇ ಹಿಡಿಯಿತು. ತನಗೂ ನನಗೂ ಆಗುವ ಜಗಳದ ಬಗ್ಗೆ ಅವಳು ಬರೆದಿದ್ದಾಳಂತೆ, ನಿನಗೊಬ್ಬಳಿಗೇ ಕೊಟ್ಟಿದ್ದಾಳಂತೆ. ಅದನ್ನು ನನಗೆ ಕಳಿಸಬೇಡ, ಅವಳು ನಂಬಿ ಕೊಟ್ಟದ್ದು. ಎದುರಾಳಿಯ ಕಡೆಯಿಂದಲೂ ಬರೆಯಬೇಕೆಂಬುದು ನಿನ್ನ ನಿಯಮವಲ್ಲವೇ? ಒಂದೇ ಒಂದು ತಿಳಿಸು ಪ್ರತಿಮಾ. ನನ್ನ ಪರವಾಗಿ ಹೇಳಲು ಅವಳಿಗೆ ಏನಾದರೂ ಸಿಕ್ಕಿತ್ತೇ?