ನಾನು ಕಾವಲು ಕೂತ ತಂತಿ

ಮಾರ್ಚ್ ಹನ್ನೊಂದು, ಮಂಗಳವಾರ.

ಸೊಂಟ ಹಿಡಿದುಕೊಂಡಿದೆ. ಎಲ್ಲಕ್ಕೂ ಮೊಮ್ಮಗಳ ಇಂಟರ್ನೆಟ್ ಕಂಪನಿಯೇ ಕಾರಣ. ಮೊದಲು ಊರಿನಲ್ಲಿ ಇಂಟರ್ನೆಟ್ ಸಾಗಿಸುವ ಪ್ರತಿ ಪೆಟ್ಟಿಗೆಯೂ ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತಿತ್ತಂತೆ. ಇವಳು ಹಟ ಹಿಡಿದು ಅವುಗಳ ಬುದ್ಧಿಯನ್ನೆಲ್ಲ ಕಿತ್ತು ಆಫೀಸಿನ ಒಂದೇ ಕಂಪ್ಯೂಟರಿನಲ್ಲಿ ಇಡಿಸಿದಳು. ಪೆಟ್ಟಿಗೆಗಳಿಗೆ ಈಗ ಹೊರುವುದಷ್ಟೇ ಕೆಲಸ. ಬೆಳಿಗ್ಗೆ ಆ ಕಂಪ್ಯೂಟರೇ ಮಲಗಿತು.

"ಹಾಗಾದ್ರೆ ಎಲ್ಲಾ ನಿಂತೋಯ್ತೇನೇ?" ಎಂದೆ ಫೋನಿನಲ್ಲಿ.

"ಇಲ್ಲಜ್ಜಿ, ಕೊನೆಗೆ ಹೇಳಿದ ದಾರೀಲೇ ಸಾಗಿಸ್ತಿವೆ. ಆದ್ರೆ ಈಗ ಎಲ್ಲಾದ್ರೂ ತಂತಿ ತುಂಡಾದ್ರೆ ಬೇರೆ ದಾರಿ ಹೇಳೋರಿಲ್ಲ. ನನ್ನ ಕೆಲಸ ಹೋದ ಹಾಗೇ."

ಅಷ್ಟರಲ್ಲಿ ನಮ್ಮ ಬಾಗಿಲ ಮುಂದೆ, ಆ ಕಂಪನಿಯ ದೊಡ್ಡ ತಂತಿ ಹೂತ ಜಾಗಕ್ಕೇ, ನೀರಿನ ಪೈಪಿಗೆಂದು ಅಗೆಯುವ ಯಂತ್ರ ಬಂತು. ಯಂತ್ರದವನು ಹೇಳಿದರೆ ಕೇಳುವ ಪೈಕಿಯೇ? ಕುರ್ಚಿ ತಂದು ಅಲ್ಲೇ ಹಾಕಿಕೊಂಡು ಕೂತೆ.

"ಏಳಮ್ಮ, ಕೆಲಸ ಕೆಡುತ್ತೆ."

"ಕುರ್ಚಿ ಸಮೇತ ಎತ್ತಪ್ಪ, ನಿನ್ನ ಯಂತ್ರಕ್ಕೆ ತಾಕತ್ತಿದ್ರೆ."

ಬಿಸಿಲು ಇಳಿಯುವವರೆಗೂ ಕದಲಲಿಲ್ಲ. ಪಕ್ಕದ ಮನೆಯವಳು ಬಂದು, ಅಜ್ಜಿಗೆ ಅರಳುಮರಳು ಎಂದಳು. ಅವಳ ಕೈಯ ಫೋನಿನಲ್ಲಿ ಓಡುತ್ತಿದ್ದ ಸಿನಿಮಾ ಅದೇ ತಂತಿಯಲ್ಲಿ ಬಂದದ್ದು.

ಸಂಜೆ ಫೋನು ಬಂತು. "ಕಂಪ್ಯೂಟರ್ ಎದ್ದಿತಜ್ಜಿ, ಇನ್ನು ತಂತಿ ತುಂಡಾದ್ರೂ ಬೇರೆ ದಾರಿ ಹೇಳುತ್ತೆ. ನೀನೂ ಏಳು."

ಎದ್ದೆ. ಅವನು ಎರಡನೆಯ ಗುದ್ದಿಗೇ ತಂತಿ ತುಂಡು ಮಾಡಿದ. ಪಕ್ಕದವಳ ಸಿನಿಮಾ ಒಮ್ಮೆ ತಡವರಿಸಿ ಮತ್ತೆ ಓಡಿತು.

"ಏನೂ ಆಗ್ಲಿಲ್ವಲ್ಲಮ್ಮ, ಇಷ್ಟಕ್ಕಾ ಕೂತಿದ್ದು?" ಎಂದು ನಕ್ಕ ಯಂತ್ರದವನು.

ಏನೂ ಆಗದಿರಲೆಂದೇ ಅಲ್ಲವೇ ನಾನು ಕೂತಿದ್ದು? ಇವನಿಗೆ ಯಾರು ಬಿಡಿಸಿ ಹೇಳಬೇಕು. ಮೊಮ್ಮಗಳು ಇನ್ನೂ ಬಂದಿಲ್ಲ. ಬಂದರೆ ಮೊದಲು ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಂಡು ಆಮೇಲೆ ಬೈಯಬೇಕು. ಕುರ್ಚಿ ಬೀದಿಯಲ್ಲೇ ಉಳಿದಿದೆ. ಅವಳೇ ಎತ್ತಿಡಲಿ, ನನಗಂತೂ ಏಳಲು ಆಗದು.