ಸಾತಯ್ಯನ ಮೆಟ್ಟು

ಜುಲೈ ೪, ೧೯೨೭. ಸೋಮವಾರ. ಕಲಬುರ್ಗಿ.

ಇವತ್ತೂ ಕತ್ತಲಾಗುವ ತನಕ ಬರೆದೆ. ಹತ್ತಿ ಗಿರಣಿಯ ನೋಟಿಸು, ಒಂದು ಮದುವೆ ಪತ್ರಿಕೆ, ಕೆಮ್ಮಿನ ಔಷಧದ ಜಾಹೀರಾತು. ಕುತ್ತಿಗೆ ಹಿಡಿದುಕೊಂಡಿದೆ. ನಮ್ಮದು ಲಿಥೋ ಪ್ರೆಸ್ಸು, ಅಚ್ಚಿನ ಮೊಳೆಗಳಿಲ್ಲ. ಬರೆಯುವವ, ಅಂದರೆ ಕಾತಿಬ, ಹಳದಿ ಕಾಗದದ ಮೇಲೆ ಜಿಡ್ಡು ಮಸಿಯಲ್ಲಿ ಬರೆಯಬೇಕು. ಅದನ್ನು ಕಲ್ಲಿಗೆ ಒತ್ತುತ್ತಾರೆ. ಕಲ್ಲಿನಿಂದ ಪುಸ್ತಕ. ಅಂಗೈ ಊರುವ ಹಾಗಿಲ್ಲ — ಬೆವರು ತಾಗಿದರೂ ಕಲ್ಲಿಗೆ ಇಳಿದು ಕರ್ರಗೆ ಮೂಡುತ್ತದೆ. ಇಡೀ ದಿನ ಕೈ ಗಾಳಿಯಲ್ಲಿ.

ಉರ್ದು ಬರೆಯುವವರು ಬೇರೆ ಇದ್ದಾರೆ. ಕನ್ನಡಕ್ಕೆ ನಾನೊಬ್ಬನೇ. ಕಲ್ಲು ಉಜ್ಜಲು ಬಂದವನು. ಅಕ್ಷರ ನೋಡಿ ಮಾಲಕ ಗುಲಾಮ್ ರಸೂಲ್ ಸಾಹೇಬರು ಬರೆಯುವ ಮಣೆ ಕೊಟ್ಟರು. ಜಾತಿ ಕೇಳಿದರು. ಮಾದಿಗ ಅಂದೆ. 'ಕೂತು ಬರಿ' ಅಂದರು. ಅಷ್ಟೇ.

ಸಂಜೆ ಹೊಸ ಕೆಲಸ ಬಂತು. ನಮ್ಮ ಕಮಲಾಪುರದ್ದೇ! ನಮ್ಮ ಊರಿನ ಶರಣ, ಮೆಟ್ಟಿನ ಸಾತಯ್ಯನ ಪುರಾಣ. ಮಾಡಿಸುವವರು ಸಾಹುಕಾರ ಖಂಡೆಪ್ಪನವರು. ಶ್ರಾವಣದ ಕಡೆಯ ಸೋಮವಾರ ಗದ್ದುಗೆಯ ಮುಂದೆ ಓದಬೇಕಂತೆ. ಬರೆದವರು ಸೂಗಪ್ಪ ಮಾಸ್ತರರು, ನನ್ನ ಗುರು. ಸರ್ಕಾರಿ ಶಾಲೆಯಲ್ಲಿ ಉರ್ದು ಕಲಿಸಿ, ಸಂಜೆ ತಮ್ಮ ಮನೆಯ ಕಟ್ಟೆಯ ಮೇಲೆ ಕನ್ನಡ ಕಲಿಸುತ್ತಿದ್ದರು. ಕಟ್ಟೆಯ ಮೇಲೆ ಊರ ಮಕ್ಕಳು, ಕೆಳಗೆ ಮಣ್ಣಿನಲ್ಲಿ ನಾನು. ಕೋಲಿನ ತುದಿಯಿಂದ ನನ್ನ ಅಕ್ಷರ ತಿದ್ದಿದರು. ಕೈ ಮುಟ್ಟದೆ. ಆದರೂ ತಿದ್ದಿದರು.

ಜುಲೈ ೬. ಬುಧವಾರ.

ಮೂರನೆಯ ಸಂಧಿಗೆ ಬಂದೆ. ಲೇಖಣಿ ಇಟ್ಟೆ.

ಸಾತಯ್ಯ ಮಾದಿಗನಲ್ಲವಂತೆ. ಜಂಗಮರ ಮನೆಯಲ್ಲಿ ಹುಟ್ಟಿದವನಂತೆ. ಬರಗಾಲದಲ್ಲಿ ಕಳೆದುಹೋದ ಕೂಸು ಮಾದಿಗ ದಂಪತಿಗೆ ಸಿಕ್ಕಿತಂತೆ. ಆ ಮನೆಯ ಅನ್ನ ಮುಟ್ಟದೆ ಬರೀ ಹಾಲು ಕುಡಿದು ಬೆಳೆಯಿತಂತೆ. ಹೆಸರೂ ಈಗ ಸಾತಲಿಂಗೇಶ್ವರ. ಅಲ್ಲ, ಆ ಹಾಲು ಯಾರ ಎಮ್ಮೆಯದು? ಮಾದಿಗರ ಮನೆಯ ಹಾಲಿಗೆ ಜಾತಿಯಿಲ್ಲ, ಅನ್ನಕ್ಕೆ ಮಾತ್ರ ಇದೆಯೇ? ಸುಳ್ಳು ಹೇಳುವವರು ಒಂದು ಗಳಿಗೆ ಕೂತು ಯೋಚನೆಯನ್ನಾದರೂ ಮಾಡಬಾರದೆ?

ನಾವು ಕೇಳುತ್ತ ಬಂದ ಸಾತಯ್ಯ ಬೇರೆ. ದಾರಿಯ ಬದಿಗೆ ಕೂತು, ಬರಿಗಾಲಲ್ಲಿ ಬಂದವರಿಗೆಲ್ಲ ಮೆಟ್ಟು ಹೊಲಿದುಕೊಟ್ಟವನು. ಜಾತಿ ಕೇಳಲಿಲ್ಲ, ಕಾಲಿನ ಅಳತೆ ಕೇಳಿದ. ಹೊಲಿಯುತ್ತ ಕೂತಲ್ಲೇ ಸತ್ತ, ಅಲ್ಲೇ ಹೂಳಿದರು. ಆಮೇಲೆ ಮೇಲಿನವರು ಬಂದು ಗುಡಿ ಕಟ್ಟಿದರು. ಕಟ್ಟಿದ ದಿನದಿಂದ ನಾವು ಹೊರಗೆ.

ಉಳಿದದ್ದು ಒಂದೇ ಹಕ್ಕು. ಶ್ರಾವಣದ ಕಡೆಯ ಸೋಮವಾರ ನಮ್ಮ ಮನೆಯ ಹೊಸ ಮೆಟ್ಟು ಬರುವವರೆಗೆ ಗುಡಿಯ ಬಾಗಿಲು ತೆಗೆಯುವಂತಿಲ್ಲ. ಅಜ್ಜ ಹೊಲಿದ. ಅಪ್ಪ ಹೊಲಿದ. ಅಪ್ಪ ಸತ್ತ ಮೇಲೆ ಅವ್ವ ಹೊಲಿಯುತ್ತಾಳೆ. ಮೆಟ್ಟಿಲ ಕೆಳಗೆ ಇಟ್ಟು ದೂರ ನಿಲ್ಲಬೇಕು. ಪೂಜಾರಿ ನೀರು ಚಿಮುಕಿಸಿ ಒಳಗೆ ಒಯ್ದು ಗದ್ದುಗೆಯ ಮೇಲೆ ಇಡುತ್ತಾನೆ. ಇಡೀ ಊರು ಅದಕ್ಕೆ ಅಡ್ಡಬೀಳುತ್ತದೆ. ಹೊಲಿದವಳನ್ನು ಮುಟ್ಟುವುದಿಲ್ಲ, ಹೊಲಿದದ್ದಕ್ಕೆ ಹಣೆ ಹಚ್ಚುತ್ತಾರೆ. ಇದನ್ನೂ ಧರ್ಮ ಅನ್ನುತ್ತಾರೆ.

ಸಾತಯ್ಯ ಜಂಗಮನಾದರೆ ಮಾದಿಗರ ಮೆಟ್ಟು ಯಾಕೆ ಬೇಕು? ಇವರ ಹುನ್ನಾರ ಅಲ್ಲಿಗೇ ಹೋಗಿ ನಿಲ್ಲುತ್ತದೆ.

ಜುಲೈ ೧೦. ಭಾನುವಾರ.

ಮೊಹರಮ್. ಪ್ರೆಸ್ಸು ಬಂದ್. ಮಾಸ್ತರರು ಉಳಿದ ಸಂಧಿಗಳನ್ನು ತಂದಿದ್ದರು. ಶರಣಬಸಪ್ಪನ ಗುಡಿಯ ಕೆರೆಯ ಏರಿಗೆ ಬರಹೇಳಿದರು. ಒಂದೇ ಬೇವಿನ ನೆರಳು. ಅವರು ಆ ತುದಿಗೆ, ನಾನು ಈ ತುದಿಗೆ.

ಬಹಳ ಸೊರಗಿದ್ದಾರೆ. ಇಪ್ಪತ್ತು ವರ್ಷ ಬರೆದದ್ದೆಲ್ಲ ಗೆದ್ದಲಿಗೆ ಹೋಯಿತು ಅಂದರು. ಉರ್ದು ಸರ್ಕಾರದ ಈ ಮುಲುಕಿನಲ್ಲಿ ಕನ್ನಡ ಕೇಳುವವರಿಲ್ಲ, ಕಚೇರಿಯಲ್ಲಿಲ್ಲ, ಶಾಲೆಯಲ್ಲಿಲ್ಲ. ನಮ್ಮ ಊರಿನಿಂದ ಅಚ್ಚಾಗುವ ಮೊದಲ ಕನ್ನಡ ಪುಸ್ತಕ ಇದು, ಖುಷಿಪಡು ಅಂದರು. ಮೂರನೆಯ ಸಂಧಿ ಯಾಕೆ ಹಾಗೆ ಬರೆದಿರಿ ಎಂದು ಕೇಳಿದೆ.

"ಸುಳ್ಳು ಬರದಿಲ್ಲೋ ಮಾಣಿಕ. ಭಕ್ತಿ ಬರದೀನಿ."

"ಭಕ್ತಿಗಿ ನಮ್ಮ ಮನಿ ಸಾಲದಾಗ್ಯದೇನ್ರೀ?"

"ಸಾಹುಕಾರ ಹಂಗ ಹೇಳ್ಯಾನ. ಇಲ್ಲಾಂದ್ರ ಪುಸ್ತಕನ ಇಲ್ಲ. ಪುಸ್ತಕ ಇಲ್ಲಾಂದ್ರ ಇನ್ನ ನೂರು ವರ್ಷಕ್ಕ ಸಾತಯ್ಯ ಯಾರಿಗಿ ನೆಪ್ಪಿರ್ತಾನ?"

ನೆನಪಿಟ್ಟವರ ಮನೆಯಿಂದ ಅವನನ್ನು ಕಸಿದು, ನೆನಪಿಡಲು ಪುಸ್ತಕ. ಹೇಳಬೇಕೆಂದಿದ್ದೆ. ಅಕ್ಷರ ಕೊಟ್ಟ ಮನುಷ್ಯ. ಇಂಥವರ ಮುಂದೆ ನಾಲಿಗೆ ಭಾರವಾಗುತ್ತದೆ. ಕೆಟ್ಟವರ ಜೊತೆ ಜಗಳ ಸುಲಭ, ಅರ್ಧ ಒಳ್ಳೆಯವರ ಜೊತೆ ಆಡಿ ಆಡಿ ಜೀವ ಹೈರಾಣ.

ಜುಲೈ ೧೫. ಶುಕ್ರವಾರ. ಕಮಲಾಪುರ.

ರಜೆ. ಬೆಳಿಗ್ಗೆಯ ಮೋಟಾರಿಗೆ ಬಂದೆ. ಅವ್ವ ಬಾಗಿಲಲ್ಲಿ ಕೂತು ತೊಗಲು ನೆನೆಯಿಟ್ಟಿದ್ದಳು. ಈ ವರ್ಷದ ಮೆಟ್ಟಿನ ಅಡಿಯ ಅಟ್ಟೆ ಕತ್ತರಿಸಿ ಆಗಿದೆ. ಕಣ್ಣು ಮಂಜು. ಆರಿಯಿಂದ ತೂತು ಹಾಕಿ, ಬೆರಳಿನಿಂದ ತಡವಿ ನೋಡಿ, ಆಮೇಲೆ ದಾರ ಎಳೆಯುತ್ತಾಳೆ.

ಪುರಾಣದ ಸಂಗತಿ ಹೇಳಿದೆ. ಅವಳಿಗೆ ಆಗಲೇ ಗೊತ್ತು. ಸಾಹುಕಾರನ ಆಳು ಬಂದು ಹೋಗಿದ್ದನಂತೆ. ಈ ಸಲ ಮೆಟ್ಟು ಬೇಡ; ಬೆಳ್ಳಿಯ ಪಾದುಕೆ ಸೊಲ್ಲಾಪುರದಲ್ಲಿ ತಯಾರಾಗುತ್ತಿದೆ; ಪುಸ್ತಕ ಬಂದ ಮೇಲೆ ನಿಮ್ಮ ಮನೆಗೂ ಗುಡಿಗೂ ಸಂಬಂಧವಿಲ್ಲ ಅಂದನಂತೆ.

ಮತ್ತೆ ಯಾಕೆ ಹೊಲಿಯುತ್ತೀ ಅಂದೆ. "ಬ್ಯಾಡ ಅಂದಾಂವ ಖಂಡೆಪ್ಪ. ಸಾತಯ್ಯ ಅಂದಿಲ್ಲ" ಅಂದಳು. ದಾರ ಹಲ್ಲಿನಿಂದ ಕಡಿದಳು. ಆಮೇಲೆ ಕೇಳಿದಳು —

"ಆ ಪುಸ್ತಕದಾಗ ನನ್ನ ಹೆಸರು ಅದ ಏನೋ?"

ಇಲ್ಲ ಅಂದೆ.

"ನಿಮ್ಮಪ್ಪಂದು?"

ಇಲ್ಲ.

"ಹಂಗಾರ ಅದ್ಯಾರ ಪುಸ್ತಕ ಅದು" ಅಂದು ಮತ್ತೆ ಆರಿ ಹಿಡಿದಳು.

ಜುಲೈ ೧೮. ಸೋಮವಾರ. ಕಲಬುರ್ಗಿ.

ಮಾಲಕರಿಗೆ ಹೇಳಿಬಿಟ್ಟೆ. ಮೂರನೆಯ ಸಂಧಿ ಬರೆಯುವುದಿಲ್ಲ. ಬೇಸರದಿಂದ ನೋಡಿದರು. ನಮ್ಮ ಕಲ್ಲಿಗೆ ಧರ್ಮ ಈಮಾನ ಇಲ್ಲಪ್ಪ, ಏನು ಒತ್ತಿದರೂ ಒತ್ತಿಸಿಕೊಳ್ಳುತ್ತದೆ, ನಿನಗ್ಯಾಕೆ ಅಂದರು. ಕಲ್ಲಿಗೆ ಅವ್ವ ಇಲ್ಲ, ನನಗಿದ್ದಾಳೆ ಅಂದೆ. ಬೇರೆ ಕನ್ನಡ ಕಾತಿಬ ಬೇಕೆಂದರೆ ಸೊಲ್ಲಾಪುರಕ್ಕೆ ಹೋಗಬೇಕು. ಅವನು ಬರುವಷ್ಟರಲ್ಲಿ ಶ್ರಾವಣ ಮುಗಿದಿರುತ್ತದೆ. ಅದು ಅವರಿಗೂ ಗೊತ್ತು, ನನಗೂ ಗೊತ್ತು.

ಜುಲೈ ೨೭. ಬುಧವಾರ.

ಬರೆಯಲು ಕೈ ಏಳುತ್ತಿಲ್ಲ. ಆದರೂ ಬರೆದಿಡುತ್ತೇನೆ.

ಸಾಹುಕಾರ ಬಂದಿದ್ದ. ಮಾಲಕರಿಗೆ ಕೆಂಬಾಳೆಯ ಗೊನೆ ತಂದಿದ್ದ. ಹಿಂದೆ ಮಾಸ್ತರರು. ನಾನು ರುಮಾಲು ಸುತ್ತಿ ಮಣೆಯ ಮುಂದೆ ಕೂತಿದ್ದೆ, ಅವನಿಗೆ ಗುರುತು ಸಿಗಲಿಲ್ಲ. ಒಳ್ಳೆಯ ಮಾತಿನಲ್ಲೇ ಕೇಳಿದ:

"ಕಾತಿಬರು ನೀವೇನ್ರೀ? ಯಾವೂರಾತ್ರೀ ನಿಮ್ದು?"

"ಕಮಲಾಪುರರೀ. ಮಾನಮ್ಮನ ಮಗ."

ಆ 'ರೀ' ಅಲ್ಲೇ ಸತ್ತಿತು. ಆಮೇಲೆ ಅವನು ನನ್ನ ಜೊತೆ ಮಾತೇ ಆಡಲಿಲ್ಲ, ನನ್ನ ಬಗ್ಗೆ ಆಡಿದ. ಗದ್ದುಗೆಯ ಮೇಲೆ ಇಡುವ ಪುಸ್ತಕ ಇಂಥವನ ಕೈಯಿಂದ ಬರೆಸುವುದೇ ಅಂದ. ಗೊತ್ತಿತ್ತೇ ಎಂದು ಮಾಸ್ತರರನ್ನು ಕೇಳಿದ. ಮಾಸ್ತರರು ಚಸ್ಮಾ ಒರೆಸಿಕೊಂಡರು. ಇವನಷ್ಟು ಚಂದದ ಅಕ್ಷರ ಈ ಜಿಲ್ಲೆಯಲ್ಲಿ ಇಲ್ಲ ಅಂದರು. ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ಅದೂ ತಪ್ಪೊಪ್ಪಿಕೊಳ್ಳುವವರ ದನಿಯಲ್ಲಿ.

ಮಾಲಕರು ಬಾಳೆಹಣ್ಣು ಸುಲಿಯುತ್ತ ಅಂದರು, "ಖಂಡೆಪ್ಪ ಸೇಠ, ಬರದ ಕಾಗದ ನೀರಾಗ ತೊಳದು ಹೋಗ್ತದ. ಕಲ್ಲಿಗಿ ಸುಡೋ ತೇಜಾಬ್ ಬಳೀತೀವಿ. ಇನ್ನ ಯಾವ ಸ್ನಾನ ಬೇಕು ಇದಕ್ಕ?"

ಸಾಹುಕಾರ ಲೆಕ್ಕ ಹಾಕಿದ. ದಿನ ಉಳಿದಿಲ್ಲ. ಕಡೆಗೆ ಬರೆಯಲಿ, ಆದರೆ ಹೊರಗೆ ಸುದ್ದಿಯಾಗಬಾರದು ಅಂದ.

ನಾನು ಎದ್ದು ನಿಂತೆ. ಲಿಥೋ ಪುಸ್ತಕದ ಕಡೆಯ ಪುಟದಲ್ಲಿ ಕಾತಿಬನ ಹೆಸರು ಹಾಕುವುದು ರಿವಾಜು. ಉರ್ದು ಪುಸ್ತಕ ಯಾವುದನ್ನು ತೆಗೆದರೂ ಇದೆ. ಒಂದು ಅಕ್ಷರ ತಿದ್ದದೆ ಇಡೀ ಪುರಾಣ ಬರೆದುಕೊಡುತ್ತೇನೆ, ಮೂರನೆಯ ಸಂಧಿಯನ್ನೂ. ಕಡೆಗೆ ನನ್ನ ಸಾಲು ಇರಬೇಕು ಅಂದೆ. ಏನು ಸಾಲು ಅಂದರು ಮಾಲಕರು. ಹೇಳಿದೆ:

"ಈ ಗದ್ದುಗೆಗೆ ತಲೆತಲಾಂತರದಿಂದ ಮೆಟ್ಟು ಹೊಲಿಯುವ ಮಾದಿಗರ ಮನೆಯ ಮಾನಮ್ಮನ ಮಗ ಮಾಣಿಕಪ್ಪ ಬರೆದದ್ದು."

ಸಾಹುಕಾರನ ಮುಖ ಕೆಂಬಾಳೆಯಾಯಿತು. ಒಳಗೆ ಒಂದು ಹೇಳಿ ಕಡೆಗೆ ಒಂದು ಹೇಳಿದರೆ ಊರು ನಗುತ್ತದೆ ಅಂದ. ನಗಲಿ ಅಂದೆ. ಮಾಸ್ತರರ ಕಡೆ ನೋಡಿದೆ. ಒಂದು ಮಾತು. ಇರಲಿ ಬಿಡ್ರಿ ಸಾಹುಕಾರರ — ಇಷ್ಟೇ ಸಾಕಿತ್ತು.

ಮಾಸ್ತರರು ಅಂದರು, "ಉಳದದ್ದು ನಾನ ಬರೀತೀನಿ. ಮಸಿ ಎಲ್ಲದ?"

ಆಗಸ್ಟ್ ೧೧. ಗುರುವಾರ.

ಪ್ರೆಸ್ಸಿಗೆ ಹೋಗುತ್ತಿಲ್ಲ. ಶ್ರಾವಣ ಮುಗಿದ ಮೇಲೆ ಬಾ ಅಂದಿದ್ದಾರೆ ಮಾಲಕರು. ಕಲಬುರ್ಗಿಯ ಖೋಲಿಯಲ್ಲೇ ಬಿದ್ದುಕೊಂಡಿದ್ದೇನೆ. ಸಿಟ್ಟು ಕೂಡ ದಣಿದಿದೆ.

ಕಲ್ಲಿನ ಕೆಲಸದ ಕರೀಂಸಾಬ್ ಸಂಜೆ ಬಂದಿದ್ದ. ಚಹಾ ಕುಡಿಯುತ್ತ ಹೇಳಿದ. ಮಾಸ್ತರರು ಶಾಲೆಯ ದಫ್ತರ ಬರೆಯುವ ಹಾಗೆ ಅಂಗೈ ಊರಿ ಬರೆದರಂತೆ. ಮಾಲಕರು ಎಚ್ಚರಿಸಿದ್ದರು, ಹುರುಪಿನಲ್ಲಿ ಮರೆತರು. ಹಳದಿ ಕಾಗದದಲ್ಲಿ ಗುರುತು ಕಾಣುವುದಿಲ್ಲ, ಕಲ್ಲಿಗೆ ಇಳಿದ ಮೇಲೇ ಕಾಣುವುದು. ಮೂರನೆಯ ಸಂಧಿಯಿಂದ ಕಡೆಯವರೆಗೆ ಪುಟಪುಟಕ್ಕೂ ಮಾಸ್ತರರ ಕರಿ ಅಂಗೈ. ಜಂಗಮರ ಕೂಸು ಹುಟ್ಟುವ ಪದ್ಯದ ಮೇಲಂತೂ ಐದು ಬೆರಳೂ ಮೂಡಿವೆಯಂತೆ. ಮತ್ತೆ ಬರೆಸಲು ಸಮಯವಿಲ್ಲ. ಇದ್ದ ಹಾಗೇ ಪುಸ್ತಕಕ್ಕೆ ಹೊಲಿಗೆ ಹಾಕಿಸಿರಿ ಅಂದನಂತೆ ಸಾಹುಕಾರ.

ಇಬ್ಬರೂ ನಕ್ಕೆವು. ಕರೀಂಸಾಬ್ ಹೋದ ಮೇಲೆ ನಗು ನಿಂತಿತು. ಅಂಗೈ ಮೂಡಿದರೇನು, ಅಕ್ಷರವೂ ಮೂಡಿದೆ. ಓದುವವರು ಅಕ್ಷರ ಓದುತ್ತಾರೆ. ನಾಳೆ ನಮ್ಮ ಹಕ್ಕು ಕೇಳಿ ತಹಶೀಲಿಗೆ ಹೋದರೆ ಅವರಿಗೆ ಇದೇ ಪುಸ್ತಕ ಸಾಕ್ಷಿ.

ಆಗಸ್ಟ್ ೨೨. ಸೋಮವಾರ. ಕಮಲಾಪುರ. ಸಂಜೆ.

ಶನಿವಾರವೇ ಬಂದಿದ್ದೆ. ಇವತ್ತಿನದನ್ನು ಇದ್ದದ್ದು ಇದ್ದ ಹಾಗೆ ಬರೆಯಬೇಕು.

ಅವ್ವ ಮಿಂದು, ಹೊಸ ಮೆಟ್ಟನ್ನು ಬಿಳಿಯ ಅರಿವೆಯಲ್ಲಿ ಸುತ್ತಿಕೊಂಡು ಹೊರಟಳು. ಬೇಡ ಅಂದರು ಕೇರಿಯ ಹಿರಿಯರು. ನಿಲ್ಲಲಿಲ್ಲ. ಹಿಂದೆ ನಾನೊಬ್ಬನೇ.

ಗುಡಿಯ ಬಾಗಿಲು ತೆರೆದಿತ್ತು.

ಮೆಟ್ಟು ಬರುವ ಮೊದಲೇ. ನನ್ನ ತಿಳಿವಳಿಕೆಯಲ್ಲಿ ಮೊದಲ ಸಲ. ಗದ್ದುಗೆಯ ಮೇಲೆ ಬೆಳ್ಳಿ ಪಾದುಕೆ ಹೊಳೆಯುತ್ತಿತ್ತು. ಮಾಸ್ತರರು ಪುರಾಣ ಓದುತ್ತಿದ್ದರು. ಜನ ಕೂತಿದ್ದರು, ನಮ್ಮನ್ನು ನೋಡಿದರು, ನೋಡದವರ ಹಾಗೆ ತಿರುಗಿದರು. ಕೆಲವು ಹೆಂಗಸರು ಮಾತ್ರ ಅವ್ವನ ಕೈಯ ಗಂಟಿನಿಂದ ಕಣ್ಣು ತೆಗೆಯಲಿಲ್ಲ. ಅವ್ವ ಮೆಟ್ಟಿಲ ಕೆಳಗೆ ಗಂಟು ಬಿಚ್ಚಿಟ್ಟು ದೂರ ಸರಿದು ನಿಂತಳು, ಪ್ರತಿ ವರ್ಷದ ಹಾಗೆ. ಪೂಜಾರಿ ಸಾಹುಕಾರನ ಮುಖ ನೋಡಿದ. ಸಾಹುಕಾರ ಬೇಡವೆಂದು ಬೆರಳಾಡಿಸಿದ.

ಬಹಳ ಹೊತ್ತು ನಿಂತಳು. ಬಿಸಿಲು ಏರಿತು. ಒಂದು ನಾಯಿ ಬಂದು ಮೆಟ್ಟು ಮೂಸಿತು. ಯಾರೋ ನಕ್ಕರು.

ಆಗ ಅವ್ವ ಮುಂದೆ ಹೋದಳು. ಎತ್ತಿಕೊಂಡು ಮನೆಗೆ ಹೊರಟಳು ಅಂದುಕೊಂಡೆ. ಮೆಟ್ಟಿನ ಮುಂದೆ ನಿಂತು, ಒಳಗಿನ ಗದ್ದುಗೆಗೆ ಕೈಮುಗಿದಳು.

"ಸಾತಯ್ಯ, ನಿನಗ ಬ್ಯಾಡಂತ. ಕಾಲು ನನಗೂ ಅದಾವ."

ಹಾಕಿಕೊಂಡಳು. ಮೇಲಿನವರ ಓಣಿಯಲ್ಲಿ, ಗುಡಿಯ ಎದುರಿಗೆ, ಸಾಹುಕಾರನ ಕಣ್ಣ ಮುಂದೆ. ನಮ್ಮವರು ಯಾರೂ, ಯಾವ ಕಾಲಕ್ಕೂ, ಅಲ್ಲಿ ಮೆಟ್ಟು ಹಾಕಿ ನಡೆದಿಲ್ಲ. ದೊಡ್ಡ ಅಳತೆಯದು, ಹಿಮ್ಮಡಿಗೆ ಬಡಿಯುತ್ತಿತ್ತು. ಟಪ್ ಟಪ್ ಎಂದು ಓಣಿಯುದ್ದಕ್ಕೂ ನಡೆದಳು. ಓಡಲಿಲ್ಲ. ಮಾಸ್ತರರು ತಲೆ ಎತ್ತಲಿಲ್ಲ. ಓದುವುದನ್ನು ನಿಲ್ಲಿಸಲೂ ಇಲ್ಲ. ಹಾಳೆಯ ಮೇಲೆ ಬೆರಳಿಟ್ಟು ಓದುತ್ತಲೇ ಇದ್ದರು. ನನಗೆ ಅಕ್ಷರ ಕೊಟ್ಟ ಋಣ ಅಲ್ಲಿಗೆ ಹರಿಯಿತು.

ಮಧ್ಯಾಹ್ನ ಸಾಹುಕಾರನ ಆಳು ಬಂದ. ನಾಳೆ ಬೆಳಿಗ್ಗೆ ಚಾವಡಿಗೆ ಬರಬೇಕು. ಮೆಟ್ಟು ತಲೆಯ ಮೇಲೆ ಹೊತ್ತು ಬಂದು ಅಡ್ಡಬೀಳಬೇಕು. ಇಲ್ಲದಿದ್ದರೆ ಇಡೀ ಕೇರಿಗೆ ಹಳ್ಳದ ನೀರು ಬಂದ್. ಕೇರಿಯ ಹಿರಿಯರು ಬಂದು ಕೂತಿದ್ದಾರೆ. ನಿನ್ನ ಮಗ ಶಹರಕ್ಕೆ ಹೋಗುತ್ತಾನೆ, ನೀರು ಇಲ್ಲದೆ ಸಾಯುವವರು ನಾವು ಅನ್ನುತ್ತಾರೆ. ಸುಳ್ಳಲ್ಲ. ಅವ್ವ ಒಂದೇ ಮಾತು ಅಂದಳು. ಚಾವಡಿಗೆ ಹೋಗುತ್ತೇನೆ. ಮೆಟ್ಟು ತಲೆಯ ಮೇಲೋ ಕಾಲಲ್ಲೋ ಎಂದು ಕೇಳಲು ಅವರಿಗೆ ಧೈರ್ಯವಾಗಲಿಲ್ಲ.

ಆಗಸ್ಟ್ ೨೩. ಮಂಗಳವಾರ. ಬೆಳಿಗ್ಗೆ.

ತಾಲೂಕ್‌ದಾರರಿಗೆ, ಜಿಲ್ಲೆಯ ದೊಡ್ಡ ಸಾಹೇಬರಿಗೆ, ಉರ್ದುವಿನಲ್ಲಿ ದೂರಿನ ದರಖಾಸ್ತು ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ಅದರಿಂದ ಏನಾದರೂ ಆಗುತ್ತದೆಂಬ ನಂಬಿಕೆಯಿಲ್ಲ. ನಿದ್ದೆ ಬಂದಿಲ್ಲ.

ಅವ್ವ ಎದ್ದಿದ್ದಾಳೆ. ಮೆಟ್ಟಿನ ಹೆಬ್ಬೆರಳ ಉಂಗುಟ ಬಿಗಿ ಮಾಡಿ, ಹಿಮ್ಮಡಿಯ ಕಡೆ ಒಂದು ಬೆರಳಷ್ಟು ಅಟ್ಟೆ ಕತ್ತರಿಸಿ ತೆಗೆದಳು. ಈಗ ಅವಳ ಕಾಲಿಗೆ ಸರಿಯಾಗಿದೆ. ಹಾಕಿಕೊಂಡು ಅಂಗಳದಲ್ಲಿ ಎರಡು ಸಲ ನಡೆದು ನೋಡಿದಳು. ಕೇರಿಯ ಬಾಗಿಲುಗಳಲ್ಲಿ ಮುಖಗಳಿವೆ. ಯಾರೂ ಮಾತಾಡುತ್ತಿಲ್ಲ. ಮೂಲೆಮನೆಯ ಚಂದಮ್ಮ ಮಾತ್ರ ಒಳಗೆ ಹೋಗಿ ಏನೋ ಹುಡುಕುತ್ತಿದ್ದಾಳೆ.

ನನ್ನ ಮೆಟ್ಟುಗಳು ಕೈಚೀಲದಲ್ಲಿವೆ. ಶನಿವಾರ ಊರ ಅಗಸಿ ಬಾಗಿಲಲ್ಲಿ ಬಿಚ್ಚಿ ಒಳಗಿಟ್ಟದ್ದು. ಯಾರೂ ಹೇಳಿರಲಿಲ್ಲ. ಕೈ ತಾನೇ ಬಿಚ್ಚಿತ್ತು.

ತೆಗೆದು ಹೊಸ್ತಿಲ ಮೇಲೆ ಇಟ್ಟೆ. ಅವ್ವ ಕರೆಯುತ್ತಿದ್ದಾಳೆ. ಒಂದು ಕಾಲಿಗೆ ಹಾಕಿದೆ, ಇನ್ನೊಂದು —